ಗಡಸು ನೀರು: ಊರಿನ ಕೊಳದಿಂದ ಮನೆಯ ಸಂಪಿನವರೆಗೆ

ಬೇಳೆ ಬೇಯುವ ನೀರು ಸಿಹಿನೀರು. ಎಷ್ಟು ಕುದಿಸಿದರೂ ಬೇಳೆ ಬೇಯದ ನೀರು ಉಪ್ಪುನೀರು. ನಮ್ಮ ಹಿರಿಯರ ವರ್ಗೀಕರಣ ಇಷ್ಟು ಸರಳವಾಗಿತ್ತು. ಹಿತ್ತಿಲಲ್ಲೇ ಸೇದುವ ಬಾವಿಯಿದ್ದರೂ ಅಡುಗೆಗೆಂದು ದೂರದ ಸಿಹಿನೀರ ಬಾವಿಯಿಂದ ಒಂದೆರಡು ಕೊಡ ಹೊತ್ತು ತರುವ ರೂಢಿ ಬಯಲುಸೀಮೆಯ ಹಲವು ಊರುಗಳಲ್ಲಿತ್ತು. ತಲೆಗೆ ಸೀಗೇಕಾಯಿ, ಬಟ್ಟೆಗೆ ಅಂಟುವಾಳ ಬಳಸುತ್ತಿದ್ದುದರಿಂದ ಉಪ್ಪುನೀರಿನಲ್ಲಿಯೂ ಕೊಳೆ ಬಿಡುತ್ತಿತ್ತು. ಸಾಬೂನು ಬಂದ ಮೇಲೆ ನೀರಿನ ಗಡಸುತನವು ಮನೆಯ ದೊಡ್ಡ ತೊಂದರೆಯಾಯಿತು. ಏಕೆಂದರೆ ಸಾಬೂನು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸೇರಿ ನೊರೆಯ ಬದಲು ಬಿಳಿಯ ಗಸಿಯಾಗುತ್ತದೆ. ಬೇಳೆ ಬೇಯದಿರುವುದಕ್ಕೂ ಅದೇ ಕ್ಯಾಲ್ಸಿಯಂ ಕಾರಣ. ಅದು ಕಾಳಿನ ಕೋಶಭಿತ್ತಿಯಲ್ಲಿರುವ ಪೆಕ್ಟಿನ್ನನ್ನು ಬಿಗಿಯುತ್ತದೆ.

ಈಚೆಗೆ ಹೊಸ ಮನೆ ಕಟ್ಟಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುತ್ತಾರೆ: "ಸಾರ್, ನಗರಸಭೆಯ ನೀರು ತುಂಬಾ ಗಡಸು. ಇಡೀ ಮನೆಗೆ ಒಂದು ಫಿಲ್ಟರ್ ಹಾಕಿಸಿದರೆ ಸಾಲದೆ?" ಒಂದೇ ಮಾತಿನ ಉತ್ತರಕ್ಕಿಂತ ಈ ವಿದ್ಯೆ ಬೆಳೆದು ಬಂದ ದಾರಿಯನ್ನು ತಿಳಿಸುವುದು ಲೇಸೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸ್ಪಷ್ಟನೆ. ಫಿಲ್ಟರ್ ಬೇರೆ, ಸಾಫ್ಟನರ್ ಬೇರೆ. ಮರಳಿನ ಫಿಲ್ಟರು ಕೆಸರನ್ನು ತಡೆಯುತ್ತದೆ. ಇದ್ದಿಲಿನ ಫಿಲ್ಟರು ಕ್ಲೋರಿನ್ನಿನ ವಾಸನೆಯನ್ನು ಹೀರುತ್ತದೆ. ಗಡಸುತನವಾದರೋ ನೀರಿನಲ್ಲಿ ಕರಗಿರುವ ಸಂಗತಿ. ಹಾಲಿನಲ್ಲಿ ಕರಗಿದ ಸಕ್ಕರೆಯನ್ನು ಬಟ್ಟೆಯಲ್ಲಿ ಸೋಸಿ ತೆಗೆಯಲಾಗದಂತೆಯೇ ಇದೂ. ಅದನ್ನು ತೆಗೆಯುವ ಒಂದು ದಾರಿ ರಸಾಯನ ಕ್ರಿಯೆ.

ಅಂತಹ ಕ್ರಿಯೆಯೊಂದನ್ನು ಊರಿನ ಮಟ್ಟಕ್ಕೆ ತಂದವನು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್. 1841ರಲ್ಲಿ ಅವನು ಪೇಟೆಂಟ್ ಪಡೆದ ವಿಧಾನವನ್ನು ಕೇಳಿದರೆ ನಗು ಬರಬಹುದು: ಸುಣ್ಣ ತುಂಬಿದ ನೀರಿಗೆ ಮತ್ತಷ್ಟು ಸುಣ್ಣ ಬೆರೆಸುವುದು! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗದು. ಸುಣ್ಣವು ನೀರಿನಲ್ಲಿ ಕರಗಿರುವುದು ಇಂಗಾಲಾಮ್ಲದ ಬೆಂಬಲದಿಂದ, ಬೈಕಾರ್ಬೊನೇಟಾಗಿ. ಅರಳಿಸಿದ ಸುಣ್ಣವನ್ನು ಲೆಕ್ಕ ಹಾಕಿ ಸೇರಿಸಿದರೆ ಅದು ಆ ಬೆಂಬಲವನ್ನೇ ಕಿತ್ತುಕೊಳ್ಳುತ್ತದೆ. ಆಗ ಹಳೆಯ ಸುಣ್ಣ, ಹೊಸ ಸುಣ್ಣ ಎರಡೂ ಸೀಮೆಸುಣ್ಣದ ಪುಡಿಯಂತೆ ತಳಕ್ಕಿಳಿಯುತ್ತವೆ. ಮೇಲಿನ ತಿಳಿ ಮೆದು ನೀರು. ತಾತ್ಕಾಲಿಕ ಗಡಸುತನಕ್ಕೆ ಇದು ಮದ್ದು.

ಗಡಸುತನವನ್ನು ಅಳೆಯುವ ಬಗೆಯೂ ಕ್ಲಾರ್ಕನದೇ. ಸೀಸೆಯ ನೀರಿಗೆ ಸಾಬೂನಿನ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕುಲುಕುವುದು. ನಿಲ್ಲುವ ನೊರೆ ಬರಲು ಎಷ್ಟು ದ್ರಾವಣ ಬೇಕಾಯಿತೆಂಬುದೇ ಅಳತೆ. ಗ್ಯಾಲನ್ ನೀರಿನಲ್ಲಿ ಒಂದು ಗ್ರೇನ್ ಸುಣ್ಣದ ಕಾರ್ಬೊನೇಟ್ ಇದ್ದರೆ ಅದು ಒಂದು ಕ್ಲಾರ್ಕ್ ಡಿಗ್ರಿ, ಎಂದರೆ ಲೀಟರಿಗೆ ಸುಮಾರು 14 ಮಿಲಿಗ್ರಾಂ. ನೀರಿನ ಗುಣವನ್ನು ಅಂಕೆಗಳಲ್ಲಿ ಹೇಳಲು ಜನರಿಗೆ ಇದರಿಂದ ಸಾಧ್ಯವಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕ್ಲಾರ್ಕನ ಉಪಾಯವು ದೊಡ್ಡ ಕೊಳಗಳಲ್ಲಿ, ನೀರು ಸರಬರಾಜು ಮಾಡುವವರೇ ನಡೆಸಬೇಕಾದ ಕೆಲಸ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಂತಹ ಕೆಲವು ಊರುಗಳು ಅದನ್ನು ಒಪ್ಪಿಕೊಂಡವು. ಲಂಡನ್ನಿನ ನೀರು ಮಾತ್ರ ಇಂದಿಗೂ ಗಡಸಾಗಿಯೇ ಇದೆ. ಊರಿನ ಆಡಳಿತ ಮಾಡದಿದ್ದರೆ ಮನೆಯವನು ಮಾಡುವುದೇನು?

ಅದಕ್ಕೆ ಉತ್ತರ ಹೊಲದ ಮಣ್ಣಿನಲ್ಲಿ ಅಡಗಿತ್ತು. ಅದೇ ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನ್ದಾರ ಥಾಂಪ್ಸನ್, ಅಮೋನಿಯಂ ಸಲ್ಫೇಟ್ ಗೊಬ್ಬರದ ದ್ರಾವಣವನ್ನು ಮಣ್ಣಿನ ಮೂಲಕ ಇಳಿಸಿದಾಗ ಕೆಳಗೆ ಜಿಪ್ಸಂ ಬರುವುದನ್ನು ಕಂಡನು. ಮಣ್ಣು ಅಮೋನಿಯವನ್ನು ಇಟ್ಟುಕೊಂಡು ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. ಜಾನ್ ಥಾಮಸ್ ವೇ ಎಂಬ ರಸಾಯನಜ್ಞ ಇದನ್ನು ವಿಸ್ತಾರವಾಗಿ ಪರೀಕ್ಷಿಸಿದನು. ಇಬ್ಬರ ಬರಹಗಳೂ 1850ರಲ್ಲಿ ಪ್ರಕಟವಾದವು. ಅಯಾನು ವಿನಿಮಯವೆಂದು ನಾವು ಇಂದು ಕರೆಯುವ ವಿದ್ಯೆಯ ಆರಂಭವಿದು. 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಕೃತಕ ಜಿಯೊಲೈಟನ್ನು ತಯಾರಿಸಿ ನೀರಿಗೆ ಬಳಸಿದನು. ಅದಕ್ಕಿಟ್ಟ ಪರ್ಮ್ಯುಟಿಟ್ ಎಂಬ ಹೆಸರಿನ ಮೂಲ ಲ್ಯಾಟಿನ್ ಪದದ ಅರ್ಥವೇ ವಿನಿಮಯ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಕೃತಕ ರೆಸಿನ್ನುಗಳ ದಾರಿ ತೆರೆದರು. ಇಂದು ನಿಮ್ಮ ಮನೆಯ ಸಾಫ್ಟನರಿನ ಸಿಲಿಂಡರಿನೊಳಗಿರುವ ಮಣಿಗಳು ಈ ವಂಶದವೇ.

ಆ ಮಣಿಗಳು ಸೋಡಿಯಂ ಕೊಟ್ಟು ಕ್ಯಾಲ್ಸಿಯಂ ಪಡೆಯುತ್ತವೆ. ಕೊಡಲು ಸೋಡಿಯಂ ಮುಗಿದಾಗ ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ತೊಳೆದರೆ ಮತ್ತೆ ಸಿದ್ಧ. ತೊಳೆದ ನೀರು ಮೋರಿಗೆ. ಇಲ್ಲಿ ನನ್ನ ಹಳೆಯ ಅಭ್ಯಾಸದಂತೆ ಒಂದು ಲೆಕ್ಕ. ಮನೆಯೊಂದಕ್ಕೆ ದಿನಕ್ಕೆ 500 ಲೀಟರ್ ನೀರು, ಗಡಸುತನ ಲೀಟರಿಗೆ 400 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ದಿನವೊಂದಕ್ಕೆ ತೆಗೆಯಬೇಕಾದ ಸುಣ್ಣ 200 ಗ್ರಾಂ. ಅದಕ್ಕೆ ತಾತ್ತ್ವಿಕವಾಗಿಯೇ 234 ಗ್ರಾಂ ಉಪ್ಪು ಬೇಕು. ವರ್ಷಕ್ಕೆ 85 ಕಿಲೋ. ವ್ಯವಹಾರದಲ್ಲಿ ಇದಕ್ಕಿಂತ ಬಹಳ ಹೆಚ್ಚು. ಇಷ್ಟು ಉಪ್ಪು ಹೋಗುವುದೆಲ್ಲಿಗೆ?

ಈ ಪ್ರಶ್ನೆಯನ್ನು ಎದುರಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಿಟಾ ಕಣಿವೆಯ ಜನ. ಅಲ್ಲಿನ ನೀರು ಗಡಸು. ಹಲವು ಮನೆಗಳಲ್ಲಿ ಉಪ್ಪಿನ ಸಾಫ್ಟನರು. ಸಾಮಾನ್ಯ ಒಳಚರಂಡಿ ಶುದ್ಧೀಕರಣದಿಂದ ಕ್ಲೋರೈಡ್ ಹೋಗದು. ಅದು ಸ್ಯಾಂಟಾ ಕ್ಲಾರಾ ನದಿ ಸೇರಿ, ಕೆಳಗಿನ ಆವಕಾಡೊ, ಸ್ಟ್ರಾಬೆರಿ ಬೆಳೆಗಾರರಿಗೆ ಚಿಂತೆಯಾಯಿತು. 2003ರಲ್ಲಿ ಹೊಸ ಯಂತ್ರಗಳಿಗೆ ನಿಷೇಧ ಬಂತು. 2008ರ ನವೆಂಬರಿನಲ್ಲಿ ಜನರೇ ಮತ ಹಾಕಿ, ಮನೆಯಲ್ಲಿರುವ ಹಳೆಯ ಯಂತ್ರಗಳನ್ನೂ ತೆಗೆಸಲು ಒಪ್ಪಿದರು. ಸಿಲಿಂಡರನ್ನು ಹೊರಗೊಯ್ದು ತೊಳೆದು ತರುವ ಪದ್ಧತಿಗೆ ಮಾತ್ರ ಅವಕಾಶ ಉಳಿಯಿತು. 1936ರಲ್ಲಿ ಎಮೆಟ್ ಕಲಿಗನ್ ಅಮೆರಿಕದಲ್ಲಿ ವ್ಯಾಪಾರ ಆರಂಭಿಸಿದ್ದು ಇದೇ ಪದ್ಧತಿಯಿಂದ!

ಇನ್ನೊಂದೆಡೆ ಆಮ್‌ಸ್ಟರ್‌ಡ್ಯಾಮ್ ನಗರವು ಕ್ಲಾರ್ಕನ ತತ್ತ್ವವನ್ನೇ ಸುಧಾರಿಸಿದೆ. ನೀರಿಗೆ ಕ್ಷಾರ ಬೆರೆಸಿ ಸಣ್ಣ ಕಣಗಳ ಮೇಲೆ ಸುಣ್ಣ ಕಟ್ಟುವಂತೆ ಮಾಡುತ್ತಾರೆ. ಹಾಗೆ ಬೆಳೆದ ಮಣಿಗಳು ಕೈಗಾರಿಕೆಗೆ ಕಚ್ಚಾವಸ್ತುವಾಗುತ್ತವೆ.

ನಮ್ಮಲ್ಲಿ ಕಾವೇರಿಯ ನೀರು ಬರುವ ಬೆಂಗಳೂರಿನ ಮನೆಗಳಿಗೆ ಈ ತಾಪತ್ರಯ ಕಡಮೆ. ಕೊಳವೆಬಾವಿಯನ್ನು ನಂಬಿದ ಬಡಾವಣೆಗಳಲ್ಲಿ, ಕೋಲಾರದ ಕಡೆಯ ಊರುಗಳಲ್ಲಿ ಗೀಸರಿನ ಕಾಯಿಲ್ ಸುಣ್ಣಗಟ್ಟುವುದು ನಿತ್ಯದ ಕಥೆ. ಭಾರತೀಯ ಮಾನಕವು ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಲೆಂದೂ ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಎಂದರೆ ಗಡಸು ನೀರು ವಿಷವಲ್ಲ, ಕಿರಿಕಿರಿ.

ಆದುದರಿಂದ ಮನೆ ಕಟ್ಟಿಸುವವರಿಗೆ ನನ್ನ ಮಾತು ಇಷ್ಟು. ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಬಚ್ಚಲಿಗೆ, ಬಟ್ಟೆಗೆ, ಗೀಸರಿಗೆ ಹೋಗುವ ಕೊಳವೆಗೆ ಮಾತ್ರ ಸಾಫ್ಟನರ್ ಸಾಕು. ಗಿಡಗಳಿಗೂ ಶೌಚಾಲಯಕ್ಕೂ ಗಡಸು ನೀರೇ ಇರಲಿ. ರಕ್ತದೊತ್ತಡಕ್ಕಾಗಿ ಉಪ್ಪು ಬಿಟ್ಟ ಹಿರಿಯರಿದ್ದರೆ ಕುಡಿಯಲು ಸಾಫ್ಟನರಿನ ನೀರನ್ನು ನೇರವಾಗಿ ಕೊಡಬೇಡಿ. ಮಣಿ ತೊಳೆದ ಉಪ್ಪುನೀರನ್ನು ತೆಂಗಿನ ಬುಡಕ್ಕಾಗಲಿ ಮಳೆನೀರು ಇಂಗುಗುಂಡಿಗಾಗಲಿ ಬಿಡಲೇಬೇಡಿ. ಅದು ನಿಮ್ಮದೇ ಕೊಳವೆಬಾವಿಗೆ ಇಳಿಯುವ ಉಪ್ಪು. ಸಾಧ್ಯವಾದರೆ ಚಾವಣಿಯ ಮಳೆನೀರನ್ನು ಸಂಪಿಗೆ ಹಿಡಿಯಿರಿ. ಮುಗಿಲಿನಿಂದ ಬರುವ ನೀರಿನಷ್ಟು ಮೆದುವಾದುದು ಬೇರೊಂದಿಲ್ಲ, ಮತ್ತು ಅದಕ್ಕೆ ಉಪ್ಪಿನ ಮೂಟೆ ಬೇಕಿಲ್ಲ.