ರಾಗಿಕಲ್ಲಿಗೊಂದು ಮನೆ

ಉಯ್ಯಂಬಳ್ಳಿಯ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವಾಗ ನಾನೊಂದು ತಪ್ಪು ಮಾಡಿದೆ. ಅಜ್ಜಿಯ ಕಾಲದ ರಾಗಿಕಲ್ಲನ್ನು ಬಚ್ಚಲ ಬಾಗಿಲಿಗೆ ಮೆಟ್ಟಿಲಾಗಿ ಹಾಕಿಸಿದೆ. ಮೇಲಿನ ಕಲ್ಲು ಗಾರೆಕೆಲಸದ ಗಡಿಬಿಡಿಯಲ್ಲಿ ಎಲ್ಲಿ ಹೋಯಿತೋ ತಿಳಿಯದು. ಊರಿಗೆ ಹಿಟ್ಟಿನ ಮಿಲ್ಲು ಬಂದು ಎಷ್ಟೋ ಕಾಲವಾಗಿತ್ತು. ಬೀಸುವವರಿಲ್ಲದ ಕಲ್ಲಿಗೆ ಮನೆಯಲ್ಲಿ ಜಾಗವೇತಕ್ಕೆ ಎಂಬುದು ನನ್ನ ವಾದ. ಆ ವಾದ ಎಷ್ಟು ಪೊಳ್ಳೆಂದು ನನಗೆ ತಿಳಿದದ್ದು ರಾಮನಗರದ ಜಾನಪದ ಲೋಕದಲ್ಲಿ.

ಮ್ಯೂಸಿಯಂ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶಾಸನ, ನಾಣ್ಯ, ಕತ್ತಿ, ವಿಗ್ರಹಗಳು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಆರಂಭವಾದದ್ದು 1865ರಲ್ಲಿ. ಅರಸನ ದಾನವನ್ನು ಕೆತ್ತಿದ ಕಲ್ಲಿಗೆ ನಾವು ಬಹುಬೇಗ ಬೆಲೆ ಕಟ್ಟಿದೆವು. ಹಿಟ್ಟು ಬೀಸಿದ ಕಲ್ಲಿಗೆ ಕಟ್ಟಲು ಇನ್ನೂ ನೂರು ವರ್ಷ ಬೇಕಾಯಿತು. ಬೆಲೆ ಕಟ್ಟಿದವರಲ್ಲಿ ಚಿತ್ರಕಾರರು ಮುಂದಿದ್ದರೆಂಬುದು ಗಮನಿಸತಕ್ಕ ಮಾತು. 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತನ್ನು ಬೆಳೆಸಿದ ಎಂ. ಎಸ್. ನಂಜುಂಡರಾಯರು ಹೊಸ ಕಲೆಗೆ ಮನೆ ಕಟ್ಟುತ್ತಲೇ ತೊಗಲುಗೊಂಬೆಗೂ ಅಲ್ಲಿ ಜಾಗ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಏರ್ಪಟ್ಟಾಗ ವಸ್ತುಗಳನ್ನು ಕೂಡಿಸಲು ದುಡಿದವರಲ್ಲಿ ಒಬ್ಬರು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಚಿತ್ರಕಾರರಲ್ಲ, ಜಿಲ್ಲಾಧಿಕಾರಿಗಳಾಗಿದ್ದವರು. ಎಚ್. ಎಲ್. ನಾಗೇಗೌಡರು 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1979ರಲ್ಲಿ, ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಆಗ ಅವರಿಗೆ 64 ವರ್ಷ. ಜಾನಪದ ಲೋಕ ಉದ್ಘಾಟನೆಯಾದದ್ದು 1994ರಲ್ಲಿ. ನಡುವಣ 15 ವರ್ಷಗಳೇ ಈ ಕಥೆಯ ತಿರುಳು. ಮೊದಲು ಸಂಸ್ಥೆ, ಆಮೇಲೆ ಕಟ್ಟಡ. ಹಳೆಯ ವಸ್ತುಗಳನ್ನು ಪ್ರೀತಿಯಿಂದ ಕೂಡಿಹಾಕುವವರು ಅನೇಕರುಂಟು. ಅವರು ಕಣ್ಮುಚ್ಚಿದೊಡನೆ ಸಂಗ್ರಹವೂ ಗುಜರಿಯ ಪಾಲು. ಜಮೀನು, ಲೆಕ್ಕಪತ್ರ, ಸಮಿತಿ, ಕಡತ ಎಂಬ ರುಚಿಯಿಲ್ಲದ ಕೆಲಸಗಳನ್ನು ಬಲ್ಲವನೊಬ್ಬ ಬೆನ್ನಿಗೆ ನಿಂತರೆ ಮಾತ್ರ ಅದು ನಾಳೆಗೆ ಉಳಿದೀತು. ಆಡಳಿತದಲ್ಲಿ ಕಲಿತ ಆ ವಿದ್ಯೆಯನ್ನು ಗೌಡರು ಮೊರ, ಒನಕೆ, ಕೊಳಗಗಳಿಗಾಗಿ ವೆಚ್ಚ ಮಾಡಿದರು. 2005ರಲ್ಲಿ ಅವರು ತೀರಿಕೊಂಡರು. ಲೋಕದ ಬಾಗಿಲು ಮುಚ್ಚಲಿಲ್ಲ.

ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೊರಟರೆ ಹೆದ್ದಾರಿಯ ಬದಿಯಲ್ಲೇ 15 ಎಕರೆಯ ಆ ಜಾಗ. ಲೋಕಮಾತಾ ಮಂದಿರದಲ್ಲಿ ಮನೆವಾರ್ತೆಯ ಪಾತ್ರೆ ಪರಿಕರಗಳು, ಲೋಕಮಹಲಿನಲ್ಲಿ ಗೊಂಬೆ ಮತ್ತು ವೇಷಭೂಷಣ, ಆಯಗಾರರ ಮಾಳದಲ್ಲಿ ಕಸುಬುದಾರರ ಸಲಕರಣೆ, ಶಿಲ್ಪಮಾಳದಲ್ಲಿ ಕಲ್ಲಿನ ಕೆತ್ತನೆ. ಆದರೆ ವಸ್ತು ಉಳಿದರೆ ಸಾಲದೆಂಬುದನ್ನು ಗೌಡರು ಅರಿತಿದ್ದರು. ಪರಿಷತ್ತು ಹಾಡು, ಕಥೆ, ಕುಣಿತಗಳನ್ನು ಧ್ವನಿಮುದ್ರಣ ಮಾಡಿಸಿತು, ಚಿತ್ರೀಕರಿಸಿತು. ಕಲಾವಿದರನ್ನು ಕರೆಸಿ ಬಯಲು ರಂಗಮಂದಿರದಲ್ಲಿ ಆಡಿಸಿತು. ಹಾಡಿಲ್ಲದ ರಾಗಿಕಲ್ಲು ಬರಿಯ ಕಲ್ಲೇ ಅಲ್ಲವೆ?

ಇದು ನನಗೆ ಮನವರಿಕೆಯಾದದ್ದು ನನ್ನ ಸೋದರತ್ತೆಯಿಂದ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ವಿಗ್ರಹಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ರಾಗಿಕಲ್ಲಿನ ಮುಂದೆ ನಿಂತವರು ಕದಲಲೇ ಇಲ್ಲ. “ನಮ್ಮದು ಇದಕ್ಕಿಂತ ದೊಡ್ಡದು ಕಣಪ್ಪ. ನಿಮ್ಮಜ್ಜಿ ಆ ಕಡೆ, ನಾನು ಈ ಕಡೆ. ಕೋಳಿ ಕೂಗೋ ಹೊತ್ತಿಗೆ ಮುಗಿಸಿಬಿಡ್ತಿದ್ವಿ,” ಎಂದರು. ಆಮೇಲೆ ಮೆಲ್ಲಗೆ ಕೇಳಿದರು: “ನಮ್ಮ ಕಲ್ಲು ಈಗ ಎಲ್ಲಿದೆ?”

ನಾನು ಉತ್ತರ ಹೇಳಲಿಲ್ಲ. ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ.

ಆ ರಾತ್ರಿ ಅತ್ತೆ ಬೀಸುವಾಗಿನ ಪದಗಳನ್ನು ಹೇಳಿದರು, ನಾನು ಬರೆದುಕೊಂಡೆ. ಅರ್ಧಕ್ಕೆ ಬಂದು ನಿಂತರು. ಮುಂದಿನದು ನೆನಪಾಗಲೊಲ್ಲದು. ಕೈಯನ್ನು ಗಾಳಿಯಲ್ಲಿ ಸುತ್ತಿ ನೋಡಿದರು. ಒಂದು ಸಾಲು ಬಂತು, ಮತ್ತೊಂದು ಬರಲಿಲ್ಲ. ಕಲ್ಲಿದ್ದಿದ್ದರೆ ಬರುತ್ತಿತ್ತೋ ಏನೋ.