ಹಿತ್ತಲ ಹಸಿರುಮನೆ: ಕೊಪ್ಪಳ ಸೀಮೆಯಲ್ಲಿ ನೆಲದ ಸಿದ್ಧತೆ

ಮನೆಬಳಕೆಯ ಸೊಪ್ಪು, ತರಕಾರಿ, ಸಸಿಗಳಿಗಾಗಿ ಹಿತ್ತಲಲ್ಲಿ ಕಟ್ಟುವ ಚಿಕ್ಕ ಹಸಿರುಮನೆಗೆ ಜಾಗ ಆರಿಸಿ ನೆಲ ಹದಗೊಳಿಸುವ ಕೆಲಸ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಮೂಲ ತಾಲ್ಲೂಕುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಈ ಲೇಖನ ಸೀಮಿತ. ಚಳಿ ದೇಶಗಳ ಹಸಿರುಮನೆ ಶಾಖ ಹಿಡಿದಿಡಲು ಹುಟ್ಟಿದ್ದು. ಏಪ್ರಿಲ್–ಮೇನಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಅದರ ಕೆಲಸ ಬಿಸಿಲು ತಗ್ಗಿಸುವುದು, ಗಾಳಿ ಆಡಿಸುವುದು, ತೇವ ಉಳಿಸುವುದು. ಹಾಗಾಗಿ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯಂಥದ್ದು ಇಲ್ಲಿಗೆ ಒಗ್ಗದು; ಕೊಳವೆಗಳ ಚೌಕಟ್ಟಿಗೆ ಶೇಡ್‌ನೆಟ್ ಹೊದಿಸಿದ ಮನೆಯೇ ಹೆಚ್ಚು ಸೂಕ್ತ.

ಜಾಗ

ಕೊಪ್ಪಳ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲಿನಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಮೂರರ ನಂತರ ಮನೆಯ ಗೋಡೆಯ ನೆರಳು ಬರುವ ಮೂಡಣ ಹಿತ್ತಲು ಎಲ್ಲಕ್ಕಿಂತ ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿರುಸು. ಯಲಬುರ್ಗಾ ಭಾಗದ ಬಯಲಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಬೇವಿನ ಮರ ಪಡುವಣಕ್ಕಿದ್ದರೆ ಗಾಳಿಗೆ ತಡೆಯಾಗುತ್ತದೆ. ಆದರೆ ಬುಡಕ್ಕೆ ಒತ್ತಿ ಕಟ್ಟಿದರೆ ಬೇರುಗಳು ಮಡಿಯ ನೀರನ್ನು ಎಳೆದುಕೊಳ್ಳುತ್ತವೆ.

ಹಳೆಯ ಹಗೇವುಗಳು

ಹಳ್ಳಿಯ ಹಳೆಯ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ, ಬಾಯಿ ಕಿರಿದು ಒಡಲು ಅಗಲವಾದ ಈ ಕಣಜಗಳನ್ನು ಬಳಕೆ ತಪ್ಪಿದ ಮೇಲೆ ಬೂದಿ, ಕಸ, ಒಡೆದ ಗೋಡೆಯ ಮಣ್ಣು ಸುರಿದು ಮುಚ್ಚಿರುವುದುಂಟು. ಮೇಲೆ ಗುರುತು ಉಳಿದಿರುವುದಿಲ್ಲ. ಮಡಿಗೆ ನೀರು ಬಿಟ್ಟ ಮೇಲೆ ನೆಲ ಕುಸಿಯುತ್ತದೆ. ಕಂಬದ ಕುಣಿ ತೋಡುವ ಮೊದಲು ಮನೆಯ ಹಿರಿಯರನ್ನು ಕೇಳಬೇಕು, ಹಾರೆಯಿಂದ ಅಲ್ಲಲ್ಲಿ ಚುಚ್ಚಿ ನೋಡಬೇಕು. ಹಗೇವು ಸಿಕ್ಕರೆ ತುಂಬಿದ್ದನ್ನೆಲ್ಲ ತೆಗೆದು, ಗರಸು ಹಾಕಿ, ಒಂದೊಂದು ಪದರಕ್ಕೂ ನೀರು ಚಿಮುಕಿಸಿ ಧಮ್ಮಸು ಮಾಡುವುದೊಂದೇ ದಾರಿ.

ಎರೆಯೂ ಮಸಾರಿಯೂ

ಮಸಾರಿ ನೆಲದಲ್ಲಿ ತೊಡಕು ಕಡಿಮೆ: ನೀರು ಬೇಗ ಬಸಿಯುತ್ತದೆ, ಕಂಬ ಅಲುಗದು, ಗೊಬ್ಬರ ಮಾತ್ರ ಹೆಚ್ಚು ಬೇಕು. ಎರೆಯ ಮಾತೇ ಬೇರೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಕಂಬಗಳು ಒಂದೇ ಸಮನಾಗಿ ಮೇಲೇಳದೆ ಚೌಕಟ್ಟು ಸೊಟ್ಟಗಾಗುತ್ತದೆ, ಬಲೆ ಹರಿಯುತ್ತದೆ.

ಈ ಉಬ್ಬುವಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು ನೀರಾವರಿ ಕಾಲುವೆಗಳು. ಮುಂಬೈ ಐಐಟಿಯ ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ಎರೆಮಣ್ಣಿನ ಮೇಲೆ ನಡೆಸಿದ ಸಂಶೋಧನೆಯಿಂದ ಒಂದು ಸರಳ ಉಪಾಯ ರೂಢಿಗೆ ಬಂತು: ಉಬ್ಬುವ ಮಣ್ಣಿಗೂ ಕಟ್ಟಡಕ್ಕೂ ನಡುವೆ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರ ಹಾಸಿ ಗಟ್ಟಿ ಮಾಡುವುದು. ಪಕ್ಕದ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಇದನ್ನು ಬಳಸಲಾಯಿತು. ಬರೀ ಮರಳು ಈ ಕೆಲಸಕ್ಕೆ ಬಾರದು. ಅದರಲ್ಲಿ ಅಂಟುಗುಣವಿಲ್ಲ, ಮೇಲಾಗಿ ನೀರನ್ನು ಅದೇ ಕೆಳಕ್ಕೆ ಇಳಿಸುತ್ತದೆ. ಹಿತ್ತಲ ಮಟ್ಟಿಗೆ ಹೇಳುವುದಾದರೆ, ಕಂಬದ ಕುಣಿಯನ್ನು ಎರಡೂವರೆ–ಮೂರು ಅಡಿ ಆಳ ತೋಡಿ, ತಳಕ್ಕೂ ಸುತ್ತಲೂ ಜಿಗುಟಿರುವ ಗರಸು ಬಡಿದು, ನಡುವೆ ಕಾಂಕ್ರೀಟ್ ಹಾಕಬೇಕು. ಉಬ್ಬು ಇದರಿಂದ ಪೂರ್ತಿ ನಿಲ್ಲದಿದ್ದರೂ ಗಣನೀಯವಾಗಿ ತಗ್ಗುತ್ತದೆ. ಕುಣಿ ತೋಡಲು ಬೇಸಿಗೆಯೇ ಕಾಲ; ಬಿರುಕುಗಳ ಆಳ ಕಣ್ಣಿಗೆ ಕಾಣುವುದು ಆಗ ಮಾತ್ರ.

ಗಂಗಾವತಿಯ ಸವಳು

1953ರಲ್ಲಿ ತುಂಗಭದ್ರಾ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಸೀಮೆ ಭತ್ತದ ನಾಡಾಯಿತು. ಜೊತೆಗೆ ತಗ್ಗಿನ ನೆಲಗಳಲ್ಲಿ ಜೌಗೂ ಸವಳೂ ಬಂದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಮಣ್ಣುಗಳ ಅಧ್ಯಯನ ನಡೆದುಬಂದಿದೆ. ಗದ್ದೆಗೆ ತಾಗಿದ ಹಿತ್ತಲಲ್ಲಿ ಎರಡಡಿ ಗುಂಡಿ ತೋಡಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ನೀರು ಬಸಿದು ನಿಂತಿದ್ದರೆ ಅಲ್ಲಿ ನೆಲಮಟ್ಟದ ಮಡಿ ಬೇಡ. ಕಲ್ಲು ಕಟ್ಟಿ ಒಂದೂವರೆ ಅಡಿ ಎತ್ತರಿಸಿ, ಹೊರಗಿನ ಮಣ್ಣು ತುಂಬಬೇಕು. ಜಿಪ್ಸಂ ಕೆಲಸ ಮಾಡುವುದು ಕ್ಷಾರ ಮಣ್ಣಿನಲ್ಲಿ, ಅದೂ ಬಸಿಗಾಲುವೆ ಇದ್ದಾಗ. ಮಣ್ಣು ಪರೀಕ್ಷೆ ಮಾಡಿಸದೆ ಅದನ್ನು ಸುರಿಯುವ ರೂಢಿ ದುಡ್ಡಿಗೆ ದಂಡ.

ನೀರು

ಕುಷ್ಟಗಿ, ಯಲಬುರ್ಗಾ ಕಡೆಯ ಹಲವು ಕೊಳವೆಬಾವಿಗಳ ನೀರು ಗಡಸು. ಹನಿ ನೀರಾವರಿಯ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತದೆ. ಸಸಿಗಳಿಗೆ ಮಳೆನೀರೇ ಲೇಸು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ವರ್ಷಕ್ಕೆ 600 ಮಿ.ಮೀ. ಬಿದ್ದರೆ 20 ಚದರ ಮೀಟರ್ ತಗಡಿನ ಮಾಡಿನಿಂದ ಲೆಕ್ಕಕ್ಕೆ 12,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 9,600 ಲೀಟರ್ ಉಳಿಯುತ್ತದೆ. ಮಣ್ಣಿನ ಮೇಲ್ಮುದ್ದೆಯ ನೀರು ರಾಡಿಯಾಗಿರುವುದರಿಂದ ತಿಳಿಯಾಗಲು ಬಿಟ್ಟು ಬಳಸಬೇಕು.

ಬಿಸಿಲಿನಿಂದ ಮಣ್ಣು ಶುದ್ಧಿ

ಬೇರುಗಂಟು ಜಂತುಹುಳು ಒಮ್ಮೆ ಹಸಿರುಮನೆ ಹೊಕ್ಕರೆ ಹೊರಹಾಕುವುದು ಕಷ್ಟ. ಅದಕ್ಕೆ ಈ ಸೀಮೆಯ ಬೇಸಿಗೆಯೇ ಅಗ್ಗದ ಮದ್ದು. ಬಲೆ ಹೊದಿಸುವ ಮೊದಲೇ, ಏಪ್ರಿಲ್‌ನಲ್ಲಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಡಿಯನ್ನು ಚೆನ್ನಾಗಿ ನೆನೆಸಿ, ತೆಳುವಾದ ಪಾರದರ್ಶಕ ಪಾಲಿಥಿನ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಡಿ ಮಣ್ಣು ಹೆಚ್ಚು ಕಾಯುತ್ತದೆ. ಹಾಳೆ ತೆಗೆದ ಮೇಲೆ ಆಳವಾಗಿ ಅಗೆಯಬಾರದು. ಕಾಯದೆ ಉಳಿದ ಅಡಿಮಣ್ಣು ಮೇಲೆ ಬಂದರೆ ಹುಳುವೂ ಕಳೆಬೀಜವೂ ಅದರೊಡನೆ ಬರುತ್ತವೆ.