ಕಾರ್ಟಿಸೋನ್: ಕೊಡುವ ವಿದ್ಯೆ, ಬಿಡಿಸುವ ವಿದ್ಯೆ

ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಬಲ್ಲ ಅಭಿಮನ್ಯುವಿಗೆ ಅದರಿಂದ ಹೊರಬರುವ ಬಗೆ ತಿಳಿದಿರಲಿಲ್ಲವೆಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಕಥೆ. ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ಇಂತಹ ಒಂದು ಪ್ರಸಂಗವುಂಟು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಾರ್ಟಿಸೋನ್ ಎಂಬ ಔಷಧವು ದೊರೆತಾಗ, ಅದನ್ನು ಕೊಡುವ ವಿದ್ಯೆ ಕೆಲವೇ ದಿನಗಳಲ್ಲಿ ವೈದ್ಯರ ಕೈವಶವಾಯಿತು. ಅದನ್ನು ಬಿಡಿಸುವ ವಿದ್ಯೆಯನ್ನು ಕಲಿಯುವುದಕ್ಕೆ ವರ್ಷಗಳೇ ಹಿಡಿದವು. ಇಂದು ಸ್ಟಿರಾಯ್ಡ್ ಎಂಬ ಹೆಸರಿನಿಂದ ಮನೆಮನೆಗೂ ಪರಿಚಿತವಾಗಿರುವ ಅನೇಕ ಮಾತ್ರೆಗಳು ಈ ಕಾರ್ಟಿಸೋನಿನ ಸಂತತಿಗೆ ಸೇರಿದವು. ಆದುದರಿಂದ ಈ ಎರಡು ವಿದ್ಯೆಗಳ ಕಥೆಯನ್ನು ತಿಳಿದಿರುವುದು ಎಲ್ಲರಿಗೂ ಹಿತ.

ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಎರಡು ಚಿಕ್ಕ ಗ್ರಂಥಿಗಳಿವೆ. ಅವಕ್ಕೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಇವುಗಳ ಮಹತ್ತ್ವವನ್ನು ಲೋಕಕ್ಕೆ ಮೊದಲು ತೋರಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್. ದಿನದಿನಕ್ಕೆ ಬಲಗುಂದಿ, ಹಸಿವು ಕೆಟ್ಟು, ಮೈ ಕಪ್ಪಿಟ್ಟು ಸಾಯುತ್ತಿದ್ದ ಕೆಲವು ರೋಗಿಗಳಲ್ಲಿ ಈ ಗ್ರಂಥಿಗಳು ಹಾಳಾಗಿದ್ದುದನ್ನು ಅವನು 1855ರಲ್ಲಿ ಪ್ರಕಟಪಡಿಸಿದನು. ಮರುವರ್ಷವೇ ಬ್ರೌನ್ ಸೆಕಾರ್ ಎಂಬ ವಿಜ್ಞಾನಿಯು, ಈ ಗ್ರಂಥಿಗಳನ್ನು ತೆಗೆದುಹಾಕಿದರೆ ಪ್ರಾಣಿಗಳು ಬದುಕಲಾರವೆಂದು ಪ್ರಯೋಗದಿಂದ ತಿಳಿಸಿದನು. ಗಾತ್ರದಲ್ಲಿ ಕಿರಿದಾದರೂ ಜೀವವನ್ನು ಹಿಡಿದು ನಿಲ್ಲಿಸುವ ಅಂಗಗಳಿವು ಎಂಬುದು ಹೀಗೆ ಸಿದ್ಧವಾಯಿತು.

ಇನ್ನು ಕಥೆ ಅಮೆರಿಕಕ್ಕೆ ಸಾಗುತ್ತದೆ. ಮಿನೆಸೋಟ ಪ್ರಾಂತದ ರಾಚೆಸ್ಟರ್ ನಗರದಲ್ಲಿ ಮೇಯೋ ಕ್ಲಿನಿಕ್ ಎಂಬ ಪ್ರಸಿದ್ಧ ವೈದ್ಯಸಂಸ್ಥೆಯಿದೆ. ಅಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು ಸಂಧಿವಾತದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದನು. ಕೈಕಾಲುಗಳ ಕೀಲುಗಳು ಬಾತು, ಬಿಗಿದು, ಕ್ರಮೇಣ ಸೊಟ್ಟಗಾಗುವ ಈ ದೀರ್ಘರೋಗಕ್ಕೆ ಆಗ ತಕ್ಕ ಮದ್ದಿರಲಿಲ್ಲ. 1929ರಲ್ಲಿ ಅವನ ರೋಗಿಯೊಬ್ಬನಿಗೆ ಕಾಮಾಲೆಯಾಯಿತು. ವಿಚಿತ್ರವೆಂದರೆ, ಕಾಮಾಲೆ ಬಂದೊಡನೆ ಕೀಲುನೋವು ತಗ್ಗಿತು. ಗರ್ಭಿಣಿಯರಲ್ಲಿಯೂ ಈ ನೋವು ಹಿಂಜರಿಯುವುದನ್ನು ಹೆಂಚ್ ಗಮನಿಸಿದನು. ದೇಹವೇ ತಯಾರಿಸುವ ಯಾವುದೋ ಒಂದು ವಸ್ತು ಈ ಉಪಶಮನಕ್ಕೆ ಕಾರಣವಾಗಿರಬೇಕೆಂದು ಊಹಿಸಿ, ಅದಕ್ಕೆ ‘ಎಕ್ಸ್ ವಸ್ತು’ ಎಂದು ಹೆಸರಿಟ್ಟನು.

ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞನು ಅಡ್ರಿನಲ್ ಗ್ರಂಥಿಗಳ ಹೊರಪದರದ ರಸದಿಂದ ಒಂದೊಂದಾಗಿ ವಸ್ತುಗಳನ್ನು ಬೇರ್ಪಡಿಸುತ್ತಿದ್ದನು. ಸ್ವಿಟ್ಜರ್ಲೆಂಡಿನಲ್ಲಿ ಟಾಡಿಯಸ್ ರೈಖ್‌ಸ್ಟೈನ್ ಸ್ವತಂತ್ರವಾಗಿ ಇದೇ ಕಾರ್ಯದಲ್ಲಿ ನಿರತನಾಗಿದ್ದನು. ಕೆಂಡಾಲನ ಪಟ್ಟಿಯಲ್ಲಿದ್ದ ‘ಇ ಸಂಯುಕ್ತ’ವೇ ಮುಂದೆ ಕಾರ್ಟಿಸೋನ್ ಎಂದು ಹೆಸರಾಯಿತು. ಆದರೆ ಪ್ರಾಣಿಗಳ ಗ್ರಂಥಿಗಳಿಂದ ಅದು ತೀರ ಅಲ್ಪವಾಗಿ ದೊರೆಯುತ್ತಿತ್ತು. ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ 1944ರಲ್ಲಿ ಎತ್ತಿನ ಪಿತ್ತರಸದಿಂದ ತೊಡಗಿ, ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳನ್ನು ದಾಟಿ ಅದನ್ನು ತಯಾರಿಸಿದ ಮೇಲೆಯೇ ರೋಗಿಗೆ ಕೊಡುವಷ್ಟು ವಸ್ತು ಕೈಸೇರಿತು.

1948ರ ಸೆಪ್ಟೆಂಬರ್ 21ರಂದು, ಸಂಧಿವಾತದಿಂದ ಹಾಸಿಗೆ ಹಿಡಿದಂತಿದ್ದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಮೊದಲ ಚುಚ್ಚುಮದ್ದನ್ನು ಕೊಟ್ಟರು. ದಿನಕ್ಕೆ 100 ಮಿಲಿಗ್ರಾಂ ಪ್ರಮಾಣ. ಎರಡು ಮೂರು ದಿನಗಳಲ್ಲಿ ನೋವು ತಗ್ಗಿತು. ಒಂದು ವಾರ ತುಂಬುವಷ್ಟರಲ್ಲಿ ಆಕೆ ಪೇಟೆಗೆ ನಡೆದುಹೋಗಿ ಸಾಮಾನು ಕೊಂಡು ಬಂದಳು. 1949ರ ಏಪ್ರಿಲ್ ತಿಂಗಳಲ್ಲಿ ಹೆಂಚ್ ಮತ್ತು ಸಂಗಡಿಗರು ಈ ಫಲಿತಾಂಶಗಳನ್ನು ವೈದ್ಯರ ಸಭೆಯ ಮುಂದಿಟ್ಟರು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಮೊದಲ ಚುಚ್ಚುಮದ್ದಿಗೂ ಪಾರಿತೋಷಕಕ್ಕೂ ನಡುವೆ ಕೇವಲ ಎರಡು ವರ್ಷ!

ಆದರೆ ಔಷಧವನ್ನು ನಿಲ್ಲಿಸಿದರೆ ನೋವು ಮರಳಿ ಬರುವುದನ್ನು ಆ ವೈದ್ಯರೇ ಕಂಡು ಬರೆದಿದ್ದರು. ಕಾರ್ಟಿಸೋನ್ ರೋಗದ ಉರಿಯನ್ನು ಅಡಗಿಸುತ್ತಿತ್ತೇ ಹೊರತು ಬೇರನ್ನು ಕೀಳುತ್ತಿರಲಿಲ್ಲ. ಬಹುಕಾಲ ಕೊಟ್ಟರೆ ಮುಖ ಚಂದ್ರನಂತೆ ಗುಂಡಗಾಗುವುದು, ಎಲುಬು ಸಡಿಲವಾಗುವುದು, ರಕ್ತದ ಒತ್ತಡವೂ ಸಕ್ಕರೆಯೂ ಏರುವುದು, ಮನಸ್ಸು ಕಲಕುವುದು ಮುಂತಾದ ಕೆಡುಕುಗಳು ಕಾಣತೊಡಗಿದವು. ಕೊಡುತ್ತ ಹೋಗುವಂತಿಲ್ಲ. ಹಾಗೆಂದು ಥಟ್ಟನೆ ನಿಲ್ಲಿಸೋಣವೆಂದರೆ, ಅಲ್ಲಿ ಇನ್ನೂ ದೊಡ್ಡ ಅಪಾಯವೊಂದು ಕಾದಿತ್ತು.

ಅದರ ಸುಳಿವು ಮೊದಲೇ ದೊರೆತಿತ್ತು. 1937ರಲ್ಲಿ ಡ್ವೈಟ್ ಇಂಗಲ್ ಮತ್ತು ಕೆಂಡಾಲ್, ಅಡ್ರಿನಲ್ ರಸವನ್ನು ಹೆಚ್ಚಾಗಿ ಕೊಟ್ಟ ಇಲಿಗಳಲ್ಲಿ ಅವುಗಳ ಸ್ವಂತ ಗ್ರಂಥಿಯ ಹೊರಪದರ ಕೃಶವಾಗುವುದನ್ನು ತೋರಿಸಿದ್ದರು. ಮನುಷ್ಯರಲ್ಲಿ ಇದರ ಅರ್ಥವೇನೆಂಬುದು 1952ರಲ್ಲಿ ದಾರುಣವಾಗಿ ಸ್ಪಷ್ಟವಾಯಿತು. ಸಂಧಿವಾತಕ್ಕಾಗಿ ತಿಂಗಳುಗಟ್ಟಲೆ ಕಾರ್ಟಿಸೋನ್ ಪಡೆದಿದ್ದ ಒಬ್ಬ ರೋಗಿಗೆ ಔಷಧವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅವನ ರಕ್ತದ ಒತ್ತಡ ಕುಸಿಯಿತು. ಏನು ಮಾಡಿದರೂ ಏರಲಿಲ್ಲ. ಅವನು ತೀರಿಕೊಂಡನು. ಅವನ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. ಅಮೆರಿಕದ ವೈದ್ಯಪತ್ರಿಕೆಯಲ್ಲಿ ಬಂದ ಈ ವರದಿಯು ವೈದ್ಯಲೋಕವನ್ನು ಎಚ್ಚರಿಸಿತು.

ಇದರ ಕಾರಣವನ್ನು ನಮಗೆ ಪರಿಚಿತವಾದ ಒಂದು ಉಪಮೆಯಿಂದ ತಿಳಿಯಬಹುದು. ಹಿತ್ತಿಲಲ್ಲಿ ಬಾವಿಯಿದ್ದ ಮನೆಗೆ ನಲ್ಲಿಯ ನೀರು ಬಂದಿತೆನ್ನಿ. ಬಾವಿಯನ್ನು ಯಾರೂ ಸೇದುವುದಿಲ್ಲ. ಹೂಳು ತುಂಬಿ ಒರತೆ ಕಟ್ಟಿಹೋಗುತ್ತದೆ. ಒಂದು ದಿನ ನಲ್ಲಿ ನಿಂತರೆ ಬಾವಿ ಒಡನೆಯೇ ನೀರು ಕೊಡಲಾರದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎ.ಸಿ.ಟಿ.ಎಚ್. ಎಂಬ ರಸದ ಮೂಲಕ ಅಡ್ರಿನಲ್ ಗ್ರಂಥಿಗೆ ದಿನವೂ ಅಪ್ಪಣೆ ಕಳುಹಿಸುತ್ತದೆ. ಹೊರಗಿನಿಂದ ಸ್ಟಿರಾಯ್ಡ್ ಧಾರಾಳವಾಗಿ ಬರುತ್ತಿರುವಾಗ ಆ ಅಪ್ಪಣೆ ನಿಲ್ಲುತ್ತದೆ. ಅಪ್ಪಣೆಯಿಲ್ಲದ ಗ್ರಂಥಿ ನಿದ್ರಿಸುತ್ತದೆ. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಗಳ ಸಮಯದಲ್ಲಿ ದೇಹಕ್ಕೆ ಈ ರಸ ಎಂದಿಗಿಂತ ಹೆಚ್ಚಾಗಿ ಬೇಕು. ಆಗಲೇ ಅದು ದೊರೆಯದಿದ್ದರೆ ಪ್ರಾಣಕ್ಕೆ ಸಂಚಕಾರ.

ನಿದ್ರಿಸಿದ ಗ್ರಂಥಿ ಏಳುವುದಕ್ಕೆ ಎಷ್ಟು ಕಾಲ ಬೇಕು? ಗ್ರಾಂಟ್ ಲಿಡಲ್ ಮತ್ತು ಸಂಗಡಿಗರು ಇಂತಹ ರೋಗಿಗಳನ್ನು ತಿಂಗಳುಗಟ್ಟಲೆ ಪರೀಕ್ಷಿಸಿ 1965ರಲ್ಲಿ ಉತ್ತರ ಕೊಟ್ಟರು. ಮೊದಲು ಪಿಟ್ಯುಟರಿ ಚೇತರಿಸುತ್ತದೆ. ಅಡ್ರಿನಲ್ ಅದರ ಹಿಂದೆ ನಿಧಾನವಾಗಿ ಏಳುತ್ತದೆ. ಎರಡೂ ಸರಿಹೋಗಲು ಒಂಬತ್ತು ತಿಂಗಳೋ ಅದಕ್ಕೂ ಹೆಚ್ಚೋ ಹಿಡಿಯಬಹುದು.

1955ರಲ್ಲಿ ಕಾರ್ಟಿಸೋನಿಗಿಂತ ಪ್ರಬಲವಾದ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಬಳಕೆಗೆ ಬಂದವು. 25 ಮಿಲಿಗ್ರಾಂ ಕಾರ್ಟಿಸೋನಿನ ಕೆಲಸವನ್ನು ಇವು ಸುಮಾರು 5 ಮಿಲಿಗ್ರಾಂ ಪ್ರಮಾಣದಲ್ಲಿ ಮಾಡುತ್ತವೆ. ದೇಹದ ನಿತ್ಯದ ಅಗತ್ಯವೂ ಸ್ಥೂಲವಾಗಿ ಇಷ್ಟೇ. ಬಿಡಿಸುವ ವಿದ್ಯೆಯ ಲೆಕ್ಕ ಇಲ್ಲಿದೆ. ಪ್ರಮಾಣ ದೊಡ್ಡದಾಗಿರುವಾಗ ದೊಡ್ಡ ಹೆಜ್ಜೆಯಿಂದ ಇಳಿಸಬಹುದು. ಈ ಗಡಿಯ ಸಮೀಪಕ್ಕೆ ಬಂದಂತೆ ಹೆಜ್ಜೆ ಕಿರಿದಾಗಬೇಕು. 20ರಿಂದ 1 ಮಿಲಿಗ್ರಾಂ ಕಳೆದರೆ ಇಪ್ಪತ್ತರಲ್ಲೊಂದು ಪಾಲು ಹೋಯಿತು; 5ರಿಂದ 1 ಕಳೆದರೆ ಐದರಲ್ಲೊಂದು ಪಾಲೇ ಹೋಯಿತು. ಗಡಿಯ ಮೇಲಿರುವಾಗ ವೈದ್ಯರು ಮುಖ್ಯವಾಗಿ ಕಾಯುವುದು ರೋಗ ಮರುಕಳಿಸೀತೇ ಎಂಬುದನ್ನು. ಗಡಿಯ ಕೆಳಗೆ, ಗ್ರಂಥಿ ಎಚ್ಚತ್ತಿದೆಯೇ ಎಂಬುದನ್ನೂ ಕಾಯಬೇಕು. ತೀರದ ದಣಿವು, ಓಕರಿಕೆ, ಹಸಿವಿಲ್ಲದಿರುವುದು, ಎದ್ದು ನಿಂತರೆ ತಲೆ ತಿರುಗುವುದು ಗ್ರಂಥಿ ಇನ್ನೂ ಎಚ್ಚರಗೊಂಡಿಲ್ಲವೆಂಬುದರ ಸೂಚನೆಗಳಾಗಿರಬಹುದು. ಕೆಲವೇ ದಿನಗಳ ಮಟ್ಟಿಗೆ ಸ್ಟಿರಾಯ್ಡ್ ಪಡೆದವರಿಗೆ ಸಾಮಾನ್ಯವಾಗಿ ಇಷ್ಟು ನಿಧಾನ ಬೇಕಿಲ್ಲ. ಮೂರು ನಾಲ್ಕು ವಾರಗಳನ್ನು ಮೀರಿದವರಿಗೆ ಬೇಕು.

ಸಂಧಿವಾತದಲ್ಲಿ ಈಗ ಸ್ಟಿರಾಯ್ಡಿಗೆ ಮೊದಲಿನ ಪಟ್ಟವಿಲ್ಲ. ಮೆಥೊಟ್ರೆಕ್ಸೇಟ್ ಮೊದಲಾದ ಮದ್ದುಗಳು ರೋಗವನ್ನು ಹತೋಟಿಗೆ ತರುವವರೆಗಿನ ತಾತ್ಕಾಲಿಕ ಸೇತುವೆಯಾಗಿ ಅದನ್ನು ಬಳಸಿ, ಸಾಧ್ಯವಾದಷ್ಟು ಬೇಗ ಇಳಿಸಿ ನಿಲ್ಲಿಸಬೇಕೆಂಬುದು ಯೂರೋಪಿನ ಸಂಧಿರೋಗತಜ್ಞರ ಒಕ್ಕೂಟವು 2022ರಲ್ಲಿ ಕೊಟ್ಟ ಸಲಹೆ.

ನಮ್ಮ ಊರುಗಳಲ್ಲಿ ಈ ಔಷಧದ ವಿಷಯದಲ್ಲಿ ಮೂರು ಬಗೆಯ ತಪ್ಪು ನಡೆಯುತ್ತದೆ. ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಮಾತ್ರೆ ಕೊಂಡು ನುಂಗುವವರು ಕೆಲವರು. ನೋವು ನೀಗಿತೆಂದು ಒಂದು ಬೆಳಗ್ಗೆ ತಾವಾಗಿಯೇ ಬಿಡುವವರು ಕೆಲವರು. ಸ್ಟಿರಾಯ್ಡ್ ಎಂಬ ಹೆಸರು ಕೇಳಿಯೇ ಹೆದರಿ ಬಿಸಾಡುವವರು ಇನ್ನು ಕೆಲವರು. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಬಾರದೆಂದು ನಮ್ಮ ದೇಶದ ಕಾನೂನಿದೆ. ವೈದ್ಯರ ಮಾತಿಲ್ಲದೆ ಬಿಡಬಾರದೆಂಬ ಕಾನೂನನ್ನು ಮನೆಯವರೇ ಮಾಡಿಕೊಳ್ಳಬೇಕು. ಬಹುಕಾಲ ಇದನ್ನು ಸೇವಿಸುವವರು, ಬಿಟ್ಟು ಒಂದು ವರ್ಷವಾಗದವರು, ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ ಸಹ, ಆ ಸಂಗತಿಯನ್ನು ಮೊದಲು ಹೇಳತಕ್ಕದ್ದು. ಬರೆದ ಚೀಟಿಯೊಂದು ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು; ಮಾತನಾಡಲಾಗದ ಹೊತ್ತಿನಲ್ಲಿ ಅದೇ ಮಾತನಾಡುತ್ತದೆ.